ಸಹಾಯ ಬೇಕು: ರಾತ್ರಿ ಬೀದಿಯಲ್ಲಿ ಪೇಂಟಿಂಗ್ ಮಾಡೋಕೆ ಯಾವ ಲೈಟ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಕತ್ತಲಾದ ಮೇಲೆ ಹೊರಗಡೆ ಈಸೆಲ್ ಇಟ್ಟು ಬಣ್ಣ ಹಾಕುವವರು ಇಲ್ಲಿ ಯಾರಾದರೂ ಇದ್ದೀರಾ?

ನಾನು ಬಸವನಗುಡಿ, ಗಾಂಧಿ ಬಜಾರ್ ಕಡೆ ಅಡಿಯ ಕಾಗದ ಕಾಣದಂತೆ ಮುಚ್ಚುವ ಜಲವರ್ಣವಾದ ಗ್ವಾಶ್‌ನಲ್ಲಿ ಬಿಡಿಸುತ್ತೇನೆ. ಸದ್ಯಕ್ಕೆ ಇರುವುದು ಪುಸ್ತಕ ಓದುವ ಕ್ಲಿಪ್ ಲೈಟ್. ಬೆಳಕೇನೋ ಸಾಕು, ಆದರೆ ಅದರಡಿ ಕುಂಕುಮದ ಕೆಂಪು ಸಪ್ಪೆಯಾಗಿ ಕಂದು ಬಣ್ಣದ ಹಾಗೆ ಕಾಣುತ್ತದೆ, ಸರಿಮಾಡಲು ಹೋಗಿ ಇನ್ನಷ್ಟು ಕೆಂಪು ಸುರಿದರೆ ಬೆಳಿಗ್ಗೆ ನೋಡಿದಾಗ ಚಿತ್ರವೆಲ್ಲ ಉರಿಯುತ್ತಿರುತ್ತದೆ.

ಸಿಆರ್‌ಐ (ಬೆಳಕಿನಡಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಂಕಿ) 95ಕ್ಕಿಂತ ಜಾಸ್ತಿ ಇರಬೇಕು, ಗಾಢ ಕೆಂಪಿಗೆ ಆರ್9 ಅಂಕಿಯನ್ನೂ ನೋಡಬೇಕು ಅನ್ನುವುದು ಗೊತ್ತು. ಗೊಂದಲ ಇರುವುದು ಕೆಲ್ವಿನ್ (ಬೆಳಕು ಹಳದಿ ಛಾಯೆಯೋ ನೀಲಿ ಛಾಯೆಯೋ ಅನ್ನುವ ಅಳತೆ) ವಿಷಯದಲ್ಲಿ. 4000 ಸಾಕಾ, 5000 ಬೇಕಾ? ಸುತ್ತ ಅಂಗಡಿಗಳ ಹಳದಿ ಬಲ್ಬ್ ಇದ್ದಾಗ 5000 ತೀರಾ ನೀಲಿ ಅನಿಸಲ್ವಾ? ಪ್ಯಾಲೆಟ್ ಮೇಲೂ ಕಾಗದದ ಮೇಲೂ ಒಂದೇ ಬೆಳಕು ಬೀಳಬೇಕು, ಅದಕ್ಕೆ ಒಂದು ಉದ್ದನೆ ಬಾರ್ ಸಾಕಾ ಅಥವಾ ಎರಡು ಚಿಕ್ಕವು ಒಳ್ಳೆಯದಾ?

ತಲೆಗೆ ಕಟ್ಟುವ ಲೈಟ್ ದಯವಿಟ್ಟು ಹೇಳಬೇಡಿ. ಮಾತಾಡಿಸಲು ಬಂದವರ ಕಣ್ಣಿಗೇ ನೇರ ಹೊಡೆಯುತ್ತದೆ.

10000 ಎಂಎಎಚ್ ಪವರ್ ಬ್ಯಾಂಕ್ ಇದೆ. 5 ವಾಟ್ ಲೈಟಾದರೆ ಐದಾರು ಗಂಟೆ ಬರಬೇಕು. ಡಿಮ್ಮರ್ ಇರಲೇಬೇಕು, ಕಾಗದ ಜಾಸ್ತಿ ಬೆಳಗಿದರೆ ಎದುರಿನ ಬೀದಿ ಬರೀ ಕಪ್ಪು. ಬಜೆಟ್ 2000 ರೂಪಾಯಿ ಒಳಗೆ. ಕಾರ್ತಿಕದ ಕೊನೆ ಸೋಮವಾರದ ಕಡಲೆಕಾಯಿ ಪರಿಷೆಗೆ ಮುಂಚೆ ಬೇಕು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹಚ್ಚಿ ನೋಡಿ ತಗೊಳ್ಳುವ ಹಾಗಿದೆಯಾ, ಇಲ್ಲ ಆನ್‌ಲೈನೇ ಗತಿಯಾ? ಬಳಸಿದವರು ಹೇಳಿ. ಹುಳ ಓಡಿಸುವ ಉಪಾಯ ಇದ್ದರೆ ಅದನ್ನೂ!