ತುರ್ತು: ಮ್ಯೂಟ್ ಮತ್ತು ಡೆಫನ್ ಗುಂಡಿಗಳಿಗೆ ಕನ್ನಡ ಬೇಕು

ಗೆಳೆಯರೆ,

ಮಂಬಲ್ ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಟರ್ನೆಟ್ ಮೇಲೆ ಗುಂಪಾಗಿ ಮಾತಾಡೋದಕ್ಕೆ 2005ರಿಂದ ಇರುವ ಮುಕ್ತ ತಂತ್ರಾಂಶ. ತಂತ್ರಾಂಶ ಕಟ್ಟುವ ಸಲಕರಣೆಯಾದ ಕ್ಯೂಟಿ ಬಳಸಿ ಬರೆದಿದ್ದಾರೆ, ಹಾಗಾಗಿ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಅನುವಾದದ ಸಾಲುಗಳಿರುವ ಒಂದೇ ಟಿಎಸ್ ಕಡತ ಸಾಕು. ಭಾನುವಾರದೊಳಗೆ ಮುಗಿಸಬೇಕು.

'ಮ್ಯೂಟ್' ಒತ್ತಿದರೆ ನಮ್ಮ ಮಾತು ಬೇರೆಯವರಿಗೆ ಹೋಗುವುದಿಲ್ಲ. 'ಡೆಫನ್' ಒತ್ತಿದರೆ ಬೇರೆಯವರ ಮಾತು ನಮಗೆ ಕೇಳುವುದಿಲ್ಲ, ಜೊತೆಗೆ ನಮ್ಮ ಮೈಕೂ ನಿಲ್ಲುತ್ತದೆ. ಎರಡನ್ನೂ ನಮಗೆ ನಾವೇ ಮಾಡಿಕೊಳ್ಳಬಹುದು, ಗುಂಪು ನಡೆಸುವವರು ಬೇರೆಯವರಿಗೂ ಮಾಡಬಹುದು. 'ಮ್ಯೂಟ್ ಸೆಲ್ಫ್' ಎಂಬುದಕ್ಕೆ 'ಸ್ವಯಂ ಮ್ಯೂಟ್' ಅಂತ ಬರೆದಿದ್ದೆ. ಡೆಫನ್‌ಗೆ 'ಕಿವುಡಾಗಿಸು'. ಅಕ್ಕನ ಮಗಳಿಗೆ ತೋರಿಸಿದರೆ, "ಇದನ್ನ ಒತ್ತಿದ್ರೆ ಕಿವಿ ಹಾಳಾಗುತ್ತಾ?" ಎಂದು ಕೇಳಿದಳು. ಏನು ಹಾಕಲಿ?

* * *

> ಸ್ವಯಂ ಮ್ಯೂಟ್

ಎರಡೂ ಎರವಲು. ಮ್ಯೂಟ್ ಬದಲು ಮೂಕ ಅನ್ನೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಲ್ಯಾಟಿನ್ನಿನ ಮೂತುಸ್, ಸಂಸ್ಕೃತದ ಮೂಕ ಒಂದೇ ಬೇರಿನವು. ಅದೂ ನಮ್ಮದಲ್ಲ. 'ಉಲಿತಡೆ' ಹಾಕಿ.

ಕಿವುಡು ಮಾತ್ರ ಅಪ್ಪಟ ನಮ್ಮದು, ಬಿಡಬೇಡಿ. ಕಿವಿಯಿಂದ ಬಂದದ್ದು. ತಮಿಳರು ಚೆವಿ, ಚೇರಿ ಎನ್ನುವ ಕಡೆ ನಾವು ಕಿವಿ, ಕೇರಿ ಅನ್ನುತ್ತೇವೆ. ಅವರಲ್ಲಿ ಬದಲಾದ ಹಳೆಯ ಕಕಾರ ನಮ್ಮ ಬಾಯಲ್ಲಿ ಹಾಗೇ ಉಳಿದಿದೆ. ಇಂಥ ಪದ ಕೈಯಲ್ಲಿರುವಾಗ ಬೇರೆ ಕಡೆ ಯಾಕೆ ಹುಡುಕಬೇಕು?

* * *

ಉಲಿತಡೆ ಯಾರಿಗೂ ಅರ್ಥವಾಗಲ್ಲ. ಚಾವಿ ಪೋರ್ಚುಗೀಸರಿಂದ ಬಂದದ್ದು, ಯಾವ ಮನೆಯಲ್ಲೂ ಜಗಳವಾಗಲಿಲ್ಲ. ಮ್ಯೂಟ್, ಡೆಫನ್ ಎಂದೇ ಇಡಿ. ಇಷ್ಟಕ್ಕೆ ಚರ್ಚೆ ಬೇಕಿಲ್ಲ.

* * *

ಬೇಕು. ಮ್ಯೂಟ್ ಎಲ್ಲರ ಬಾಯಲ್ಲಿದೆ, ಡೆಫನ್ ಯಾರ ಬಾಯಲ್ಲೂ ಇಲ್ಲ. ಚಾವಿಯ ಮಾತು ಮ್ಯೂಟ್‌ಗೆ ಸರಿ, ಡೆಫನ್‌ಗೆ ಸಲ್ಲದು.

ಕಿವುಡು ಎಷ್ಟೇ ಹಳೆಯದಾಗಲಿ, ಇಲ್ಲಿ ಬೇಡ. ನನ್ನ ತಾಯಿಗೆ ಹತ್ತು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ಯಾರೂ ಆ ಪದ ಆಡುವುದಿಲ್ಲ, "ಕಿವಿ ಸ್ವಲ್ಪ ಮಂದ" ಅಂತೀವಿ. ಅದು ಒಬ್ಬರ ಮೈಗೆ ಬಂದ ಸ್ಥಿತಿ. ಈ ಗುಂಡಿಯದು ಒಂದು ಗಳಿಗೆ ಮಾಡಿ ಮತ್ತೆ ಬಿಡುವ ಕೆಲಸ. ಬೈಗುಳ ಕೇಳಲಾರದೆ ನಾವೇನು ಮಾಡುತ್ತೇವೆ? ಕಿವಿ ಮುಚ್ಚಿಕೊಳ್ಳುತ್ತೇವೆ. ಪದ ಅಲ್ಲೇ ಇದೆ.

'ಸ್ವಯಂ ಮ್ಯೂಟ್' ಅಂದರೆ ತಾನಾಗೇ ಮ್ಯೂಟ್ ಆಗುವುದು ಅನ್ನಿಸುತ್ತದೆ, ಸ್ವಯಂಚಾಲಿತದ ಹಾಗೆ. ಅರ್ಥವೇ ತಿರುಗಿಬಿತ್ತು, ಅಲ್ವಾ? ಇಂಗ್ಲಿಷಿಗೆ 'ಸೆಲ್ಫ್' ಬೇಕಾದ ಕಡೆ ನಮಗೆ 'ಕೊಳ್ಳು' ಇದೆ. ನಮಗೆ ನಾವೇ ಮಾಡುವಾಗ 'ಮ್ಯೂಟ್ ಮಾಡಿಕೊಳ್ಳಿ', 'ಕಿವಿ ಮುಚ್ಚಿಕೊಳ್ಳಿ'. ಬೇರೆಯವರಿಗೆ ಮಾಡುವಾಗ 'ಮ್ಯೂಟ್ ಮಾಡಿ', 'ಕಿವಿ ಮುಚ್ಚಿಸಿ'. ನಾಲ್ಕೂ ಬೇರೆ ಬೇರೆ, ಹೊಸ ಪದ ಒಂದೂ ಬೇಕಾಗಲಿಲ್ಲ.

ಇನ್ನೊಂದು. ಯಾರು ಯಾರನ್ನು ಮ್ಯೂಟ್ ಮಾಡಿದರು ಎಂದು ತಿಳಿಸುವ ಸಾಲಿನಲ್ಲಿ ಹೆಸರುಗಳ ಜಾಗಕ್ಕೆ %1, %2 ಬರುತ್ತವಲ್ಲ, ಅವಕ್ಕೆ 'ಅನ್ನು' ಅಂಟಿಸಬೇಡಿ. ಹೆಸರು ಯಾವ ಅಕ್ಷರದಲ್ಲಿ ಮುಗಿಯುತ್ತದೋ ನಮಗೆ ಗೊತ್ತಿರುವುದಿಲ್ಲ. '%1 ಅವರನ್ನು %2 ಅವರು ಮ್ಯೂಟ್ ಮಾಡಿದ್ದಾರೆ' ಅನ್ನಿ. ಪ್ರತ್ಯಯ 'ಅವರು'ಗೆ ಅಂಟುತ್ತದೆ, ಮರ್ಯಾದೆಯೂ ಉಳಿಯುತ್ತದೆ.

* * *

'ಕಿವಿ ಮುಚ್ಚಿಕೊಳ್ಳಿ' ಒಪ್ಪಿದೆ. 'ಮ್ಯೂಟ್ ಮಾಡಿಕೊಳ್ಳಿ' ಒಪ್ಪುವುದಿಲ್ಲ. 'ಮಾಡು' ಅಂಟಿಸಿದ ಮಾತ್ರಕ್ಕೆ ಇಂಗ್ಲಿಷ್ ಕ್ರಿಯಾಪದ ಕನ್ನಡವಾಗುತ್ತದೆಯೇ? ಕಾಲ್ ಮಾಡು, ಸೇವ್ ಮಾಡು, ಕಟ್ ಮಾಡು. ಹೀಗೇ ಆದರೆ ನಮ್ಮಲ್ಲಿ ಉಳಿಯುವ ಕ್ರಿಯಾಪದ 'ಮಾಡು' ಒಂದೇ. ಇದನ್ನು ಬೇರೆಯಾಗೇ ಬರೆಯುತ್ತೇನೆ.

* * *

'ಕಿವಿ ಮುಚ್ಚಿಕೊಳ್ಳಿ' ಹಾಕಿ ತೆರೆದು ನೋಡಿದೆ, ಗುಂಡಿಯೊಳಗೆ ಹಿಡಿಸುತ್ತದೆ. ಸ್ವಯಂ ತೆಗೆದೆ. ಮ್ಯೂಟ್ ಸದ್ಯಕ್ಕೆ ಇರಲಿ. ನಾಳೆ 'ಪುಶ್ ಟು ಟಾಕ್'ಗೆ ಬರುತ್ತೇನೆ. 'ಒತ್ತಿ ಮಾತಾಡಿ' ಎಂದು ಬರೆದಿದ್ದೇನೆ. ಆದರೆ ಒತ್ತಿ ಬಿಟ್ಟರೆ ಸಾಲದು, ಮಾತು ಮುಗಿಯುವ ತನಕ ಒತ್ತಿಕೊಂಡೇ ಇರಬೇಕು.