ನಿಕ್ಕಲ್ ಕೂಡಿಸಿದ ನ್ಯಾನೊಕಣಗಳಿಂದ ಪ್ರೋಟೀನ್ ಶುದ್ಧೀಕರಣ: ಬೇಡದ ಪಟ್ಟಿಗಳು ಏಕೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ):
ಆರು ಹಿಸ್ಟಿಡಿನ್‌ಗಳ (ನಿಕ್ಕಲ್‌ಗೆ ಅಂಟಿಕೊಳ್ಳುವ ಅಮೈನೊ ಆಮ್ಲ) ಬಾಲವಿರುವ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾ ಕೋಶಗಳ ದ್ರಾವಣದಿಂದ ಬೇರ್ಪಡಿಸಲು, ಸಿಲಿಕಾ ಲೇಪಿಸಿ ಅದರ ಮೇಲೆ ನಿಕ್ಕಲ್ ಕೂಡಿಸಿದ ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ನ್ಯಾನೊಕಣಗಳನ್ನು ಬಳಸುತ್ತಿದ್ದೇವೆ. ಆಯಸ್ಕಾಂತ ಹಿಡಿದಾಗ ಕಂದು ಕಣಗಳು ಟ್ಯೂಬಿನ ಗೋಡೆಗೆ ಸರಿಯಾಗಿಯೇ ಬಂದು ನಿಲ್ಲುತ್ತವೆ. ಆದರೂ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಬೇರೆ ಪ್ರೋಟೀನುಗಳ ಪಟ್ಟಿಗಳು ಕಾಣುತ್ತಿವೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಹುಬ್ಬಳ್ಳಿ):
ತೊಳೆಯುವ ಬಫರ್‌ನಲ್ಲಿ ಇಮಿಡಜೋಲ್ (ನಿಕ್ಕಲ್‌ಗೆ ತಾನೇ ಅಂಟಿಕೊಂಡು ಪ್ರೋಟೀನನ್ನು ಬಿಡಿಸುವ ರಾಸಾಯನಿಕ) ಎಷ್ಟಿದೆ ಎಂಬುದನ್ನು ತಾವು ಬರೆದಿಲ್ಲ. ಸುಮಾರು 20 ಮಿಲಿಮೋಲಾರ್ ಇದ್ದರೆ ಸಡಿಲವಾಗಿ ಅಂಟಿದವು ಕಳಚಿಹೋಗುತ್ತವೆ. ತಮಗೆ ಬೇಕಾದುದನ್ನು ಬಿಡಿಸಲು ಸಾಮಾನ್ಯವಾಗಿ 250 ಮಿಲಿಮೋಲಾರ್ ಬಳಸುತ್ತಾರೆ. ಕಣಗಳನ್ನೂ ಧಾರಾಳವಾಗಿ ಸುರಿಯಬೇಡಿ, ಏಕೆಂದರೆ ಖಾಲಿ ಉಳಿದ ನಿಕ್ಕಲ್ ತಾಣಗಳೇ ಬೇಡದ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ.

ಉತ್ತರ 2 (ಗದಗ):
ಮೇಲಿನ ಮಾತು ಸರಿ. ಬಫರ್‌ನಲ್ಲಿ ಇಡಿಟಿಎ (ಲೋಹದ ಅಯಾನುಗಳನ್ನು ಬಿಗಿಯಾಗಿ ಹಿಡಿಯುವ ರಾಸಾಯನಿಕ) ಇದ್ದರೆ ಅದು ನಿಕ್ಕಲನ್ನೇ ಕಿತ್ತುಕೊಂಡುಬಿಡುತ್ತದೆ, ಅದನ್ನೂ ಒಮ್ಮೆ ನೋಡಿರಿ.