ದೇವಾಲದ ಹಳೇ ಚಿನ್ನದ ಗಣಿ ಸುತ್ತ ಓಟ: ಶೂ, ದಾರಿ?

ಪ್ರಶ್ನೆ: ನೀಲಗಿರಿಯ ಗೂಡಲೂರಿನಲ್ಲಿ ಉಳಿದು ದೇವಾಲ, ಪಂದಲೂರು ಕಡೆ 12 ಕಿ.ಮೀ. ಟ್ರೇಲ್ (ಮಣ್ಣಿನ ಕಾಲುದಾರಿ) ಓಡಬೇಕು. ಡಾಂಬರು ರಸ್ತೆಯ ಶೂ ಸಾಕಾ? ಗಣಿ ಗುಂಡಿಗಳ ಹತ್ತಿರ ಹೋಗಬಹುದಾ?

ಉತ್ತರ 1: ಗುಂಡಿಗಳ ಹತ್ತಿರ ಖಂಡಿತ ಬೇಡ. 1880ರ ಆಸುಪಾಸಿನಲ್ಲಿ ಬ್ರಿಟಿಷ್ ಕಂಪನಿಗಳು ಚಿನ್ನಕ್ಕಾಗಿ ತೋಡಿ ಬಿಟ್ಟುಹೋದವು. ಎಷ್ಟೋ ಕಡೆ ಲಂಟಾನ ಬೆಳೆದು ಬಾಯಿಯೇ ಕಾಣದು. ಮಳೆಗೆ ನೆನೆದ ಅಂಚಿನ ಮೇಲೆ ಕಾಲಿಟ್ಟರೆ ಮಣ್ಣು ಕುಸಿಯುತ್ತೆ, ಸುರಂಗದೊಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ಜನ ನಡೆದು ಸವೆದ ದಾರಿ ಬಿಡಬೇಡಿ. ಟೀ ತೋಟದೊಳಗೆ ತೋಟದವರನ್ನು ಕೇಳಿಯೇ ಓಡಿ. ಕಾಡಿಗೆ ಅರಣ್ಯ ಇಲಾಖೆ ಅನುಮತಿ ಬೇಕು.

ಉತ್ತರ 2: ರಸ್ತೆ ಶೂ ಜಾರುತ್ತೆ. ಶೂ ಅಡಿಯಲ್ಲಿ ನೆಲ ಕಚ್ಚುವ 4-5 ಮಿ.ಮೀ. ಹಲ್ಲುಗಳಿರಲಿ. ಕೆಂಪುಮಣ್ಣು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡರೆ ಎಂಥ ಶೂನೂ ಹಿಡಿಯಲ್ಲ. ಆಗಾಗ ಕಲ್ಲಿಗೆ ತಟ್ಟಿ ಉದುರಿಸಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ, ಮಳೆ ಜೊತೆ ಇಂಬಳ (ಜಿಗಣೆ) ಕಾಟ.

ಉತ್ತರ 3: ಆನೆ ಮರೆಯಬೇಡಿ! ಬೆಳಕು ಪೂರ್ತಿ ಹರಿದ ಮೇಲೆ ಹೊರಡಿ, ಕಿವಿಗೆ ಇಯರ್‌ಫೋನ್ ಬೇಡ. ಲದ್ದಿಯಿಂದ ಇನ್ನೂ ಹಬೆ ಏಳುತ್ತಿದ್ದರೆ ಅಲ್ಲಿಂದಲೇ ವಾಪಸ್ ತಿರುಗಿ.